ಅವ್ವನ ಕತೆ, ಮಗುವಿನ ಪುಸ್ತಕ

(ಬೇಸಿಗೆ ರಜೆಗೆ ಊರಿಗೆ ಹೊರಟ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಪರೀಕ್ಷೆ ಮುಗೀತು. ಟ್ರಂಕು ಕಟ್ಟಿಟ್ಟಿದ್ದೀರಿ. ನಾಳೆ ನಾಳಿದ್ದರಲ್ಲಿ ಎಲ್ಲರೂ ಊರಿನ ಬಸ್ಸು ಹತ್ತುತ್ತೀರಿ. ರಜೆಗೆ ಮುಂಚೆ ನಾವು ಸೇರಿದಾಗಲೆಲ್ಲ ದೊಡ್ಡ ಮಾತುಗಳನ್ನೇ ಆಡುತ್ತೇವೆ. ಜಮೀನಿನ ಮಾತು, ಕೂಲಿಯ ಮಾತು, ಹೋಟೆಲಿನ ಲೋಟದ ಮಾತು, ಗುಡಿಯ ಬಾಗಿಲಿನ ಮಾತು. ಅವೆಲ್ಲ ಆಡಲೇಬೇಕಾದ ಮಾತುಗಳು. ಇವತ್ತು ಮಾತ್ರ ಸಣ್ಣವರ ಮಾತು ಆಡೋಣ. ಮೂರು ವರ್ಷದ, ಐದು ವರ್ಷದ, ಏಳು ವರ್ಷದ ಮಕ್ಕಳ ಮಾತು. ನಿಮ್ಮ ಮನೆಯ ತಮ್ಮ, ತಂಗಿ, ಅಕ್ಕನ ಮಗ, ಪಕ್ಕದ ಮನೆ ಚಿಕ್ಕವ್ವನ ಮಗಳು.

ಇದು ಹೆಂಗಸರ ಕೆಲಸ, ಅಂಗನವಾಡಿ ಟೀಚರ ಕೆಲಸ ಅಂತ ಯಾರೂ ಮೂಗು ಮುರಿಯಬೇಡಿ. ನಮ್ಮ ಕೇರಿಯ ಮಗು ಮೂರನೇ ಕ್ಲಾಸಿಗೆ ಬರೋಷ್ಟರಲ್ಲಿ ಪುಸ್ತಕ ಕಂಡರೆ ಹೆದರುವಂತಾದರೆ ಅದು ಈ ಹಾಸ್ಟೆಲಿನ ಮೆಟ್ಟಿಲು ಹತ್ತುವುದೇ ಇಲ್ಲ. ನಮ್ಮ ಹಿಂದೆ ಬರುವವರೇ ಇಲ್ಲದಿದ್ದರೆ ನಾವು ಇಲ್ಲಿ ಕೂತು ಘೋಷಣೆ ಕೂಗಿ ಏನು ಬಂತು?

ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದು ಹಿಡಿದಿರೋದು 6ರಿಂದ 14 ವರ್ಷದ ಮಕ್ಕಳನ್ನು. ಆರಕ್ಕೆ ಮುಂಚಿನ ಮಗು ಯಾರ ಲೆಕ್ಕ? ಅಂಗನವಾಡಿ ಇದೆ, ಅಲ್ಲಿ ಹಾಡು ಕತೆ ನಡೆದರೆ ಒಳ್ಳೇದೇ. ಆದರೆ ಮಗು ಮಾತು ಕಲಿಯೋದು ಒಲೆ ಮುಂದೆ, ಜಗಲಿ ಮೇಲೆ, ಅವ್ವನ ಸೊಂಟದ ಮೇಲೆ. ಆ ಐದಾರು ವರ್ಷ ಪೂರ್ತಿ ನಮ್ಮ ಕೈಯಲ್ಲೇ ಇದೆ. ಯಾವ ಅರ್ಜಿಯೂ ಬೇಡ, ಯಾರ ಸಹಿಯೂ ಬೇಡ.

ನಮ್ಮ ಮನೆಗಳ ಬಗ್ಗೆ ಶಾಲೆಗಳಲ್ಲಿ ಒಂದು ಮಾತು ಓಡಾಡುತ್ತೆ. "ಇವರ ಮನೇಲಿ ಓದೋ ವಾತಾವರಣವೇ ಇಲ್ಲ." ನೀವೂ ಕೇಳಿರುತ್ತೀರಿ. ಕೇಳಿ ಕೇಳಿ ನಮ್ಮಲ್ಲಿ ಕೆಲವರು ಅದನ್ನೇ ನಂಬಿಬಿಟ್ಟಿದ್ದಾರೆ. ಮನೇಲಿ ಪುಸ್ತಕ ಇಲ್ಲ ಅಂದರೆ ಅದು ನಿಜ. ಪುಸ್ತಕ ಮುಟ್ಟಬಾರದು ಅಂತ ನೂರಾರು ವರ್ಷ ದೂರ ಇಟ್ಟವರು ಈಗ ನಿಮ್ಮ ಮನೇಲಿ ಪುಸ್ತಕ ಯಾಕಿಲ್ಲ ಅಂತ ಕೇಳುತ್ತಾರೆ! ಇರಲಿ. ಪುಸ್ತಕ ಇಲ್ಲದ ಮನೇಲಿ ಕತೆಯೂ ಇಲ್ಲ, ಮಾತೂ ಇಲ್ಲ, ಬುದ್ಧಿಯೂ ಇಲ್ಲ ಅನ್ನೋದು ಮಾತ್ರ ಶುದ್ಧ ಸುಳ್ಳು.

ಬಳ್ಳಾರಿ ಜಿಲ್ಲೆ ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನವರ ಹೆಸರು ಕೇಳಿದ್ದೀರಾ? ಅಲೆಮಾರಿ ಬುಡ್ಗ ಜಂಗಮರ ಹೆಣ್ಣುಮಗಳು. ಅಕ್ಷರ ಕಲಿತವರಲ್ಲ. ರಾತ್ರಿಗಟ್ಟಲೆ ಹಾಡುವ ಬುರ್ರಕತೆಗಳನ್ನು ನಾಲಗೆ ಮೇಲೆ ಇಟ್ಟುಕೊಂಡಿದ್ದರು. ಅವರು ಹಾಡಿದ ಕಾವ್ಯಗಳು ಆಮೇಲೆ ಪುಸ್ತಕವಾಗಿ ಬಂದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಪದವಿ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಇತ್ತ ಮೈಸೂರು, ಚಾಮರಾಜನಗರ, ಮಂಡ್ಯದ ಕಡೆ ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿ ಕತೆಯನ್ನು ಇಡೀ ರಾತ್ರಿ ಹಾಡುತ್ತಾರೆ. ಇವರೆಲ್ಲ ಯಾವ ಕಾಲೇಜಿನಲ್ಲಿ ಕಲಿತರು? ಸಣ್ಣವರಿದ್ದಾಗ ದೊಡ್ಡವರ ಪಕ್ಕದಲ್ಲಿ ಕೂತು ಕೇಳಿ ಕೇಳಿ ಕಲಿತರು.

ಕತೆ ಕೇಳುವ ಮಗು ಸುಮ್ಮನೆ ಕೂತಿರೋದಿಲ್ಲ. ಒಂದಾದ ಮೇಲೆ ಒಂದು ನಡೆದದ್ದನ್ನು ನೆನಪಿಟ್ಟುಕೊಳ್ಳುತ್ತೆ. ಮುಂದೇನಾಗುತ್ತೆ ಅಂತ ಊಹಿಸುತ್ತೆ. ಕಣ್ಣೆದುರಿಗೆ ಇಲ್ಲದ ಹುಲಿಯನ್ನು ಬರೀ ಮಾತಿನಿಂದ ಕಟ್ಟಿಕೊಳ್ಳುತ್ತೆ. ಪುಸ್ತಕ ಓದುವಾಗ ನಾವು ಮಾಡೋದೂ ಇದೇ ಕೆಲಸ. ಕಣ್ಣೆದುರು ಇಲ್ಲದ್ದನ್ನು ಮಾತಿನಿಂದ ಕಾಣೋದು. ಅಂದ ಮೇಲೆ ಕತೆ ಕೇಳಿ ಬೆಳೆದ ಮಗು ಅರ್ಧ ಓದು ಕಲಿತೇ ಶಾಲೆಗೆ ಹೋಗುತ್ತೆ.

ಹಂಗಾದರೆ ತಪ್ಪೋದು ಎಲ್ಲಿ? ಶಾಲೆ ಬಾಗಿಲಲ್ಲಿ. ನಮ್ಮ ಕಡೆ 'ಹ' ಅನ್ನೋದು ಬಾಯಲ್ಲಿ ನಿಲ್ಲೋದಿಲ್ಲ. ಮಗು ಮನೇಲಿ ಕುಡಿಯೋದು 'ಆಲು'. ಗೋಡೆಯ ಚಿತ್ರದ ಕೆಳಗೆ ಬರೆದಿರೋದು 'ಹಾಲು'. ಮಗು ಎದ್ದು ನಿಂತು ಗಟ್ಟಿಯಾಗಿ 'ಆಲು' ಅನ್ನುತ್ತೆ. ಕ್ಲಾಸು ನಗುತ್ತೆ. ಅವತ್ತು ಬಾಯಿ ಮುಚ್ಚಿದ ಮಗು ವರ್ಷವಿಡೀ ಬಾಯಿ ಬಿಡೋದಿಲ್ಲ. ಮನೇಲಿ ನೂರು ಕತೆ ಕೇಳಿದ ಮಗು ಶಾಲೆಯ ಲೆಕ್ಕದಲ್ಲಿ ದಡ್ಡ. ಅದರ ಮಾತು ಒಂದು ಕಡೆ, ಅಕ್ಷರ ಒಂದು ಕಡೆ. ನಡುವೆ ಸೇತುವೆ ಇಲ್ಲ.

ಗೆಳೆಯರೆ, ಆ ಸೇತುವೆ ನೀವು. ನಿಮಗೆ ಅವ್ವನ ಮಾತೂ ಗೊತ್ತು, ಪುಸ್ತಕದ ಮಾತೂ ಗೊತ್ತು. ಕೇರಿಯಲ್ಲಿ ಈ ಎರಡೂ ಬಲ್ಲವರು ಇನ್ಯಾರಿದ್ದಾರೆ? 'ಆಲು' ಅಂದದ್ದಕ್ಕೆ ಮಗುವನ್ನು ತಿದ್ದಲು ಹೋಗಬೇಡಿ. "ನಮ್ಮ ಬಾಯಲ್ಲಿ ಆಲು, ಪುಸ್ತಕದಲ್ಲಿ ಹಾಲು, ಎರಡೂ ನಮ್ಮವೇ" ಅಂತ ಹೇಳಿ. ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ನಮ್ಮ ಕೇರಿಗಳ ಬಾಯಿಮಾತೇ ಅದರ ಭಾಷೆ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕ್ಲಾಸಿನಲ್ಲಿ ನಗಿಸಿಕೊಂಡ ಮಾತೇ ಅಕಾಡೆಮಿಯಲ್ಲಿ ಬಹುಮಾನ ತಗೊಂಡಿತು. ಇದನ್ನು ಮಗುವಿಗೆ ಹೇಳೋದು ಬೇಡ, ನಿಮಗೆ ನೆನಪಿರಲಿ ಸಾಕು.

ಈಗ ಕೆಲಸದ ಮಾತಿಗೆ ಬರೋಣ. ರಜೆಯಲ್ಲಿ ಏನೇನು ಮಾಡಬಹುದು?

ಮೊದಲನೆಯದು, ಕತೆ ಹೇಳಿಸೋದು. ಕಾಗಕ್ಕ ಗುಬ್ಬಕ್ಕನ ಕತೆ ಎಲ್ಲರಿಗೂ ಗೊತ್ತು. ಒಂದೊಂದು ಊರಲ್ಲಿ ಒಂದೊಂದು ಥರ ಹೇಳುತ್ತಾರೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತೆ. ನೆನೆದುಕೊಂಡು ಬಂದು ಗುಬ್ಬಕ್ಕನ ಬಾಗಿಲು ಬಡಿದರೆ ಗುಬ್ಬಕ್ಕ ತೆಗೆಯೋದಿಲ್ಲ. ತಾಳು, ಮಗೂಗೆ ನೀರು ಹುಯ್ತಿದೀನಿ. ತಾಳು, ಮಲಗಿಸ್ತಿದೀನಿ. ಈ ಕತೆಯನ್ನು ಅವ್ವನ ಬಾಯಿಂದಲೋ ಅಜ್ಜಿ ಬಾಯಿಂದಲೋ ಹೇಳಿಸಿ. ನೀವೂ ಮಗುವಿನ ಜೊತೆ ಕೇಳೋಕೆ ಕೂತುಕೊಳ್ಳಿ. ಬಾಗಿಲು ಬಡಿಯೋ ಜಾಗ ಬಂದಾಗ ಸ್ವಲ್ಪ ನಿಲ್ಲಿಸಿ ಮಗುವನ್ನು ಕೇಳಿ. ಈಗ ಏನಾಗುತ್ತೆ? ನೀನಾಗಿದ್ರೆ ಏನು ಮಾಡ್ತಿದ್ದೆ? ಕಾಗಕ್ಕನ ಮನೆ ಯಾಕೆ ಸಗಣೀದು? ಗುಬ್ಬಕ್ಕ ಬಾಗಿಲು ಯಾಕೆ ತೆಗೀಲಿಲ್ಲ?

ಉತ್ತರ ನೀವು ಹೇಳಬೇಡಿ. ಕಾಯಿರಿ. ಮಗು ಏನು ಹೇಳಿದರೂ ಸರಿ. ಮಳೆಯಲ್ಲಿ ನೆನೆದು ಇನ್ನೊಬ್ಬರ ಬಾಗಿಲ ಹೊರಗೆ ನಿಲ್ಲೋದು ಅಂದರೇನು ಅಂತ ನಮ್ಮ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವು ಹೇಳೋ ಉತ್ತರ ಕೇಳಿ ನೀವೇ ಸುಮ್ಮನಾಗುತ್ತೀರಿ.

ಮಾರನೇ ದಿನ ಮಗುವಿನಿಂದ ಅದೇ ಕತೆ ಹೇಳಿಸಿ. ಹಿಂದುಮುಂದಾದರೂ ತಡೆಯಬೇಡಿ. ಮಗು ಹತ್ತು ಸಲ ಅದೇ ಕತೆ ಬೇಕು ಅಂದರೆ ಹತ್ತು ಸಲ ಹೇಳಿ. ಮುಂದಿನ ಮಾತು ತನಗೆ ಮೊದಲೇ ಗೊತ್ತು ಅನ್ನೋದೇ ಅದರ ಖುಷಿ. ಆ ಗೊತ್ತಿರೋ ಮಾತೇ ನಾಳೆ ಕಾಗದದ ಮೇಲೆ ಕಂಡಾಗ ಗುರುತು ಹಿಡಿಯುತ್ತೆ. ಮನೇಲಿ ಮೊಬೈಲ್ ಇದೆ, ಅದರಲ್ಲೇ ಕತೆ ಹಾಕಿಕೊಟ್ಟರೆ ಆಯ್ತು ಅನ್ನುವವರಿದ್ದಾರೆ. ಮೊಬೈಲ್ ಕತೆ ಹೇಳುತ್ತೆ, ಮಗುವಿನ ಉತ್ತರಕ್ಕೆ ಕಾಯೋದಿಲ್ಲ. ಅವ್ವ ಕಾಯುತ್ತಾಳೆ.

ಎರಡನೆಯದು, ಮಗುವಿನ ಸ್ವಂತ ಪದ. ನ್ಯೂಜಿಲೆಂಡ್ ದೇಶದಲ್ಲಿ ಸಿಲ್ವಿಯಾ ಆಷ್ಟನ್-ವಾರ್ನರ್ ಅಂತ ಒಬ್ಬ ಟೀಚರಮ್ಮ ಇದ್ದರು. ಅಲ್ಲಿನ ಮೂಲನಿವಾಸಿ ಮಾವೋರಿಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಸರ್ಕಾರ ಕೊಟ್ಟ ಪುಸ್ತಕದ ತುಂಬ ಬಿಳಿಯರ ಮನೆ, ಬಿಳಿಯರ ಮಕ್ಕಳು. ಮಾವೋರಿ ಮಕ್ಕಳಿಗೆ ಅದು ಹತ್ತಲಿಲ್ಲ. ಆಕೆ ಪ್ರತಿ ಮಗುವನ್ನೂ ಕರೆದು "ನಿನಗೆ ಯಾವ ಪದ ಬೇಕು?" ಅಂತ ಕೇಳಿದರು. ಮಗು ಹೇಳಿದ ಪದವನ್ನು ದಪ್ಪ ಅಕ್ಷರದಲ್ಲಿ ರಟ್ಟಿನ ಮೇಲೆ ಬರೆದು ಕೊಟ್ಟರು. ಭೂತ, ಮುತ್ತು, ಅಮ್ಮ, ಇಂಥ ಪದಗಳನ್ನು ಕೇಳಿದ ಮಕ್ಕಳು ಒಂದೇ ನೋಟಕ್ಕೆ ಕಲಿತವು. ಮರುದಿನ ಗುರುತು ಸಿಗದ ಪದ ಮಗುವಿನ ಮನಸ್ಸಿನದ್ದಲ್ಲ ಅಂತ ಆಕೆ ಅದನ್ನು ತೆಗೆದುಹಾಕುತ್ತಿದ್ದರು. ತಪ್ಪನ್ನು ಪದದ ಮೇಲೆ ಹಾಕಿದರು, ಮಗುವಿನ ಮೇಲೆ ಹಾಕಲಿಲ್ಲ. ಈ ಅನುಭವವನ್ನೆಲ್ಲ 1963ರಲ್ಲಿ 'ಟೀಚರ್' ಅನ್ನೋ ಪುಸ್ತಕದಲ್ಲಿ ಬರೆದರು.

ಇದಕ್ಕೆ ದುಡ್ಡು ಬೇಡ. ಹಳೇ ಲಗ್ನಪತ್ರಿಕೆಯ ಹಿಂಬದಿ ಸಾಕು. ಮಗು ಏನು ಕೇಳುತ್ತೋ ಅದನ್ನೇ ಬರೆದು ಕೊಡಿ. ರೊಟ್ಟಿ, ಬಸ್ಸು, ಮರಿ, ಜಾತ್ರೆ, ಪೊಲೀಸು, ದೆವ್ವ. ಅದು ಮಗುವಿನ ಆಸ್ತಿ. ಬೀಡಿ ಕಟ್ಟು, ಬೆಂಕಿಪೊಟ್ಟಣ, ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಇವುಗಳ ಮೇಲಿನ ಅಕ್ಷರವನ್ನೂ ಬೆರಳಿಟ್ಟು ತೋರಿಸಿ. ರೇಷನ್ ಕಾರ್ಡಿನಲ್ಲಿ ಅವ್ವನ ಹೆಸರು ಎಲ್ಲಿದೆ ಅಂತ ಹುಡುಕಿಸಿ. ಅವ್ವನೂ ಬಗ್ಗಿ ನೋಡುತ್ತಾಳೆ, ನೋಡಿ ಬೇಕಾದರೆ.

ಮೂರನೆಯದು, ಪುಸ್ತಕ ಮಾಡೋದು. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂಬದಿ ಖಾಲಿ ಇರುತ್ತೆ. ನಾಲ್ಕು ಹಾಳೆ ಮಡಿಸಿ, ನಡುವೆ ದಬ್ಬಣದಲ್ಲಿ ಹೊಲಿಯಿರಿ. ಅವ್ವ ಹೇಳಿದ ಕತೆಯನ್ನು ಅವಳ ಮಾತಿನಲ್ಲೇ ಬರೆಯಿರಿ. ಒಂದು ಪುಟಕ್ಕೆ ಒಂದೋ ಎರಡೋ ಸಾಲು, ದಪ್ಪ ಅಕ್ಷರ. ಚಿತ್ರ ಮಗು ಬರೆಯಲಿ. ಇದ್ದಿಲಿದೆ, ಇಟ್ಟಿಗೆ ಚೂರಿದೆ, ಅರಿಸಿನ ಇದೆ, ಎಲೆ ಉಜ್ಜಿದರೆ ಹಸಿರು ಬರುತ್ತೆ. ಗುಬ್ಬಕ್ಕನ ಬಾಗಿಲಲ್ಲಿ ಮಗು ಹೇಳಿದ ಉತ್ತರವನ್ನೂ ಹಾಗೇ ಬರೆಯಿರಿ. ಮೇಲಿನ ಪುಟದಲ್ಲಿ ಹೇಳಿದವರ ಹೆಸರು ಹಾಕಿ, ಅವ್ವನ ಹೆಸರು. ಚಿತ್ರ ಬರೆದವರ ಹೆಸರು ಹಾಕಿ, ಮಗುವಿನ ಹೆಸರು.

ಇದನ್ನು ಆಟ ಅಂದುಕೊಳ್ಳಬೇಡಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಬಿಟ್ಟರೆ ಬೇರೆ ಯಾವಾಗಲೂ ಕಾಗದ ಅವ್ವನ ಹತ್ತಿರ ಬಂದಿಲ್ಲ. ಬಂದಾಗಲೆಲ್ಲ ಸಾಲಕ್ಕೋ ಕೇಸಿಗೋ ಬಂದಿದೆ. ಅವಳ ಮಾತನ್ನೇ ಹೊತ್ತುಕೊಂಡು ಒಂದು ಕಾಗದ ಬಂದರೆ ಅದೇ ಮೊದಲು. ಮಗುವಿಗೂ ಒಂದು ವಿಷಯ ತಿಳಿಯುತ್ತೆ. ಪುಸ್ತಕ ಅಂದರೆ ಮೇಲಿಂದ ಬಿದ್ದದ್ದಲ್ಲ, ನಮ್ಮಂಥೋರು ಹೇಳಿದ್ದು, ನಮ್ಮಂಥೋರು ಬರೆದದ್ದು. ಈ ಒಂದು ತಿಳಿವಳಿಕೆ ಬಂದ ಮಗು ಪುಸ್ತಕಕ್ಕೆ ಹೆದರೋದಿಲ್ಲ.

ನಾಲ್ಕನೆಯದು, ಗಟ್ಟಿಯಾಗಿ ಓದಿ ಹೇಳೋದು. ಗ್ರಾಮ ಪಂಚಾಯಿತಿ ಲೈಬ್ರರಿಗಳಿಗೆ ಈಗ 'ಅರಿವು ಕೇಂದ್ರ' ಅಂತ ಹೆಸರು. 2020ರ ನವೆಂಬರಿನಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಬಿಟ್ಟಿ ಅಂತ ಆಯಿತು. ಕೇರಿಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಹೆಸರು ಬರೆಸಿ. ಬೀಗ ಹಾಕಿದ್ದರೆ ಯಾಕೆ ಅಂತ ಪಂಚಾಯಿತಿಯಲ್ಲಿ ಕೇಳಿ. ಕೇಳೋದು ನಮಗೇನು ಹೊಸದಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಮೊಬೈಲಿಗೆ ಇಂಥ ಕೆಲಸ ಕೊಡಿ.

ಓದುವಾಗ ಮಗು ಪಕ್ಕದಲ್ಲಿ ಕೂತಿರಲಿ, ಸಾಲಿನ ಕೆಳಗೆ ಬೆರಳು ಓಡಲಿ. ಚಿತ್ರ ಬಂದಾಗ ನಿಲ್ಲಿ. ಪುಸ್ತಕವನ್ನು ಅವ್ವನ ಕೈಗೂ ಕೊಡಿ. ಅಕ್ಷರ ಬಾರದಿದ್ದರೆ ಏನಾಯ್ತು, ಚಿತ್ರ ನೋಡಿ ಅವಳು ಬೇರೆಯೇ ಕತೆ ಕಟ್ಟುತ್ತಾಳೆ. ಒಂದೇ ಪುಸ್ತಕಕ್ಕೆ ಎರಡು ಕತೆ. ಮಗುವಿಗೆ ಲಾಭವೇ.

ಇನ್ನು ಎಂಥ ಕತೆ ಅನ್ನೋ ಪ್ರಶ್ನೆ. ಇದು ದೊಡ್ಡ ಪ್ರಶ್ನೆ. ಕತೆಯೆಲ್ಲ ಒಳ್ಳೇದೇ ಅಂತ ನಾವು ಹೇಳೋದಿಲ್ಲ. ನಮ್ಮನ್ನೇ ಹಾಸ್ಯ ಮಾಡುವ ಕತೆಗಳಿವೆ. ಹೆಣ್ಣು ಬಾಯಿ ಮುಚ್ಚಿಕೊಂಡಿದ್ದರೆ ಚೆಂದ ಅನ್ನುವ ಕತೆಗಳಿವೆ. ಇದಕ್ಕೆ ಬಾಬಾಸಾಹೇಬರ ಮನೆಯನ್ನೇ ನೋಡೋಣ.

ಅವರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರು, ಕಬೀರಪಂಥದವರು. ಮನೇಲಿ ಮಕ್ಕಳ ಓದಿನ ಬಗ್ಗೆ ಬಲು ಕಟ್ಟುನಿಟ್ಟು. ಬಾಬಾಸಾಹೇಬರೂ ಅವರ ಅಣ್ಣನೂ ಅಕ್ಕಂದಿರಿಗೆ, ಕತೆ ಕೇಳಲು ಮನೆಗೆ ಬಂದವರಿಗೆ ರಾಮಾಯಣ ಮಹಾಭಾರತವನ್ನು ಓದಿ ಹೇಳಬೇಕಿತ್ತು. ಬಹಳ ವರ್ಷ ಇದು ನಡೆಯಿತು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥಕ್ಕೆಂದು ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಹೇಳಿದ್ದಾರೆ. ಒಂದು ಪರೀಕ್ಷೆ ಪಾಸಾದಾಗ ಕೇಳೂಸ್ಕರ್ ಅನ್ನೋ ಹಿರಿಯರು ತಾವೇ ಬರೆದ ಬುದ್ಧನ ಚರಿತ್ರೆಯನ್ನು ಬಹುಮಾನ ಕೊಟ್ಟರು. ಅದನ್ನು ಓದಿದ ಹುಡುಗ ಬಂದು ಅಪ್ಪನನ್ನು ಕೇಳಿದ. ಬ್ರಾಹ್ಮಣ ಕ್ಷತ್ರಿಯರನ್ನು ಹೊಗಳಿ ಶೂದ್ರರನ್ನು, ಅಸ್ಪೃಶ್ಯರನ್ನು ಕೀಳು ಮಾಡುವ ಆ ಕತೆಗಳನ್ನೇ ಯಾಕೆ ಓದಿಸ್ತೀರಿ? ನಮ್ಮವರಿಗೆ ಕೀಳರಿಮೆ ಬರದಿರಲಿ ಅಂತ, ದ್ರೋಣ ಕರ್ಣರು ಸಣ್ಣ ಸ್ಥಿತಿಯಿಂದ ಎಷ್ಟು ಮೇಲೆ ಬಂದರು ನೋಡು, ವಾಲ್ಮೀಕಿ ಕೋಳಿ ಜಾತಿಯವನಲ್ಲವೆ, ಅಂತ ಅಪ್ಪ ವಿವರಿಸಿದರು. ಹುಡುಗ ಒಪ್ಪಲಿಲ್ಲ. ರಾಮ ವಾಲಿಗೆ ಮಾಡಿದ್ದೇನು, ಸೀತೆಗೆ ಮಾಡಿದ್ದೇನು ಅಂತ ಕೇಳಿದ. ಅಪ್ಪ ಸುಮ್ಮನಾದರು.

ಗೆಳೆಯರೆ, ಇಲ್ಲಿ ಎರಡು ಮಾತಿವೆ. ಓದು ಆ ಮನೆಯ ದಿನನಿತ್ಯದ ಕೆಲಸವಾಗಿತ್ತು, ಅಕ್ಕಂದಿರೂ ನೆರೆಯವರೂ ಕೂತು ಕೇಳುತ್ತಿದ್ದರು. ಇದು ಒಂದು. ಆ ಮನೆಯಲ್ಲಿ ಮಗ ಪ್ರಶ್ನೆ ಕೇಳಬಹುದಿತ್ತು, ಕೇಳಿದ್ದಕ್ಕೆ ಅಪ್ಪ ಹೊಡೆಯಲಿಲ್ಲ. ಇದು ಎರಡು. ರಾಮ್‌ಜಿಯವರ ಆ ಮೌನ ದೊಡ್ಡ ಮೌನ. ನಮ್ಮ ಮನೆಗಳಿಗೆ ಈ ಎರಡೂ ಬೇಕು. ಕೆಟ್ಟ ಕತೆ ಬಂದರೆ ಬಚ್ಚಿಡಬೇಡಿ. ಇದು ಸರಿಯಾ ಅಂತ ಮಗುವನ್ನೇ ಕೇಳಿ. ಬೇಕಾದರೆ ಕತೆಯ ಕೊನೆಯನ್ನು ಮಗುವೇ ಬದಲಾಯಿಸಲಿ. ಗುಬ್ಬಕ್ಕನ ಬಾಗಿಲನ್ನು ಕಾಗಕ್ಕ ತಳ್ಳಿಕೊಂಡು ಒಳಗೆ ಹೋಗಲಿ. ಇಲ್ಲವೇ ಎಲ್ಲ ಹಕ್ಕಿಗಳೂ ಸೇರಿ ಕಾಗಕ್ಕನಿಗೂ ಕಲ್ಲಿನ ಮನೆ ಕಟ್ಟಿಕೊಡಲಿ. ಕತೆ ಯಾರಪ್ಪನ ಸ್ವತ್ತು?

ಇದಕ್ಕೆಲ್ಲ ಹೊತ್ತೆಲ್ಲಿದೆ ಅಂತ ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಅವ್ವ ಕೂಲಿಯಿಂದ ಬರೋದೇ ಕತ್ತಲಾದ ಮೇಲೆ. ನಿಜ. ಅವ್ವನಿಗೆ ಇನ್ನೊಂದು ಕೆಲಸ ಹೊರಿಸಬೇಡಿ. ರೊಟ್ಟಿ ತಟ್ಟುವಾಗ, ಸೊಪ್ಪು ಬಿಡಿಸುವಾಗ, ಹೇನು ನೋಡುವಾಗ ಕತೆ ನಡೆಯುತ್ತೆ. ಹತ್ತು ನಿಮಿಷ ಸಾಕು, ದಿನಾ ಆಗಬೇಕು ಅಷ್ಟೆ. ಗಂಡು ಹುಡುಗರು ಸೊಪ್ಪು ಬಿಡಿಸಿದರೆ ಅವ್ವನಿಗೆ ಇನ್ನೂ ಹತ್ತು ನಿಮಿಷ ಸಿಗುತ್ತೆ. ಒಗಟು ಹಾಕಿ. ಬೆಳಗೆದ್ದು ಮನೆಯೆಲ್ಲ ಸುತ್ತುತಾಳೆ, ಆಮೇಲೆ ದಿನವೆಲ್ಲ ಮೂಲೇಲಿ ನಿಂತಿರ್ತಾಳೆ, ಯಾರು? ಪೊರಕೆ ಅಂತ ಮಗು ಕೂಗಲಿ. ಆಮೇಲೆ ಮಗುವೇ ಒಂದು ಒಗಟು ಕಟ್ಟಲಿ.

ಒಂದು ಮನೆಗೆ ಆಗದಿದ್ದರೆ ಕೇರಿಗೇ ಮಾಡಿ. ಸಂಜೆ ಮರದ ಕಟ್ಟೆಯ ಮೇಲೋ, ಲೈಟುಕಂಬದ ಕೆಳಗೋ ಮಕ್ಕಳನ್ನು ಸೇರಿಸಿ. ಒಂದು ದಿನ ಒಬ್ಬ ಅಜ್ಜಿ, ಒಂದು ದಿನ ತಮಟೆ ಬಾರಿಸೋ ತಾತ, ಒಂದು ದಿನ ಪುಸ್ತಕ. ಕಂಕುಳಲ್ಲಿ ಕೂಸು ಹೊತ್ತು ನಿಂತ ಹತ್ತು ವರ್ಷದ ಹೆಣ್ಣುಮಗುವನ್ನು ಮರೆಯಬೇಡಿ. ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಟ್ಟವಳು ಅವಳು. ಪುಸ್ತಕ ಮೊದಲು ಅವಳ ಕೈಗೆ ಕೊಡಿ, ಅವಳೇ ಓದಿ ಹೇಳಲಿ. ಬಾರದಿದ್ದರೆ ಜೊತೆಗೆ ಕೂತು ಕಲಿಸಿ. ಆಮೇಲೆ ಅವಳನ್ನು ಶಾಲೆಗೆ ವಾಪಸು ಸೇರಿಸುವ ಮಾತನ್ನು ಮನೆಯವರ ಹತ್ತಿರ ಎತ್ತಿ.

ಕೊನೆಗೆ ಒಂದು ಎಚ್ಚರಿಕೆ. ಹಾಸ್ಟೆಲಿನಿಂದ ಹೋದವರು ಕೇರಿಯಲ್ಲಿ ಸಣ್ಣ ಮೇಷ್ಟ್ರುಗಳಾಗಬೇಡಿ. ಕೈಯಲ್ಲಿ ಕೋಲು ಬೇಡ, ಮಗ್ಗಿ ಒಪ್ಪಿಸು ಅನ್ನೋದು ಬೇಡ, ಅವ್ವನ ಮಾತು ತಿದ್ದೋದಂತೂ ಬೇಡವೇ ಬೇಡ. ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ನಲಿ-ಕಲಿ ಶುರುವಾದಾಗ ಸರ್ಕಾರಿ ಶಾಲೆಗಳಿಗೇ ಹಾಡು, ಕತೆ, ಕಾರ್ಡುಗಳು ಬಂದವು. ಶಾಲೆಯೇ ಕೋಲು ಕೆಳಗಿಡಬೇಕು ಅಂತ ಹೊರಟಿರುವಾಗ ನಾವು ಅದನ್ನು ಎತ್ತಿಕೊಂಡು ಮನೆಗೆ ಹೋಗೋದು ಯಾವ ನ್ಯಾಯ?

ಇಷ್ಟೇ ನಮ್ಮ ಬೇಡಿಕೆ. ರಜೆ ಮುಗಿಸಿ ಬರುವಾಗ ಒಬ್ಬೊಬ್ಬರೂ ಒಂದೊಂದು ಪುಸ್ತಕ ತನ್ನಿ. ಅವ್ವನೋ ಅಜ್ಜಿಯೋ ಹೇಳಿದ, ಮಗು ಚಿತ್ರ ಬರೆದ, ನಿಮ್ಮ ಕೈಬರಹದ ಪುಸ್ತಕ. ಮೂಲಪ್ರತಿ ಮನೇಲೇ ಮಗುವಿನ ಹತ್ತಿರ ಇರಲಿ, ನಕಲು ಮಾಡಿಕೊಂಡು ತನ್ನಿ. ಈ ಹಾಸ್ಟೆಲಿನಲ್ಲಿ ನೂರು ಜನ ಇದ್ದರೆ ನೂರು ಪುಸ್ತಕ. ಅಂಥ ಲೈಬ್ರರಿ ಯಾವ ಪೇಟೆಯಲ್ಲೂ ಇಲ್ಲ. ಒಳ್ಳೆಯವನ್ನು ಆರಿಸಿ ಈ ಪತ್ರಿಕೆಯಲ್ಲೇ ಹಾಕೋಣ. ಒಬ್ಬರ ಕೇರಿಯ ಕತೆ ಇನ್ನೊಬ್ಬರ ಕೇರಿಗೆ ಹೋಗಲಿ.

ಹೋಗಿ ಬನ್ನಿ. ಅವ್ವನನ್ನು, ಅಪ್ಪನನ್ನು ಕೇಳಿದೆವು ಅಂತ ಹೇಳಿ.

ಜೈ ಭೀಮ್.